ಗಾಳ ಹಿಡಿದು ಕುಳಿತ ತೇಜಸ್ವಿ: ಮೂಡಿಗೆರೆಯ ದುಡಿಮೆಗಾರನ ನೆನಪು

ಶೋಳಿಂಗನಲ್ಲೂರ್: ಇಲ್ಲಿಂದ ಈಸ್ಟ್ ಕೋಸ್ಟ್ ರಸ್ತೆಗೆ ಹೋಗುವ ಲಿಂಕ್ ರಸ್ತೆಯಲ್ಲಿ ಬಕಿಂಗ್‌ಹ್ಯಾಮ್ ಕಾಲುವೆಯ ಸೇತುವೆ ಸಿಗುತ್ತದೆ. ರಜೆಯ ದಿನ ಬೆಳಗ್ಗೆ ಆ ಕಡೆ ನಡೆದು ಹೋದರೆ ನೀರಿನ ಅಂಚಿನಲ್ಲಿ ಒಬ್ಬರೋ ಇಬ್ಬರೋ ಗಾಳ ಬಿಟ್ಟುಕೊಂಡು ಕುಳಿತಿರುವುದನ್ನು ನಮ್ಮಲ್ಲಿ ಹಲವರು ನೋಡಿರಬಹುದು. ಪಕ್ಕದಲ್ಲಿ ಲಾರಿ ಹೋಗಲಿ, ಕಂಪನಿ ಬಸ್ಸು ಹಾರ್ನ್ ಹಾಕಲಿ, ಅವರು ತಲೆ ಎತ್ತುವುದಿಲ್ಲ. ಅವರನ್ನು ನೋಡಿದಾಗಲೆಲ್ಲ ಕನ್ನಡ ಓದುವ ಮಂದಿಗೆ ನೆನಪಾಗಬೇಕಾದ ಹೆಸರು ಒಂದೇ. ಅದು ಕೆ.ಪಿ. ಪೂರ್ಣಚಂದ್ರ ತೇಜಸ್ವಿ.

ತೇಜಸ್ವಿ ತೀರಿಕೊಂಡು ವರ್ಷಗಳು ಬಹಳವಾದವು. 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ತೋಟದ ಮನೆಯಲ್ಲಿ ಹೃದಯಾಘಾತದಿಂದ ನಿಧನರಾದಾಗ ಅವರಿಗೆ 68 ವರ್ಷ. ಆಗ ಹುಟ್ಟಿದ ಮಕ್ಕಳು ಈಗ ಕಾಲೇಜು ಮೆಟ್ಟಿಲು ಹತ್ತಿದ್ದಾರೆ. ಚೆನ್ನೈಯಲ್ಲಿಯೇ ಬೆಳೆದ ನಮ್ಮ ಮಕ್ಕಳಿಗೆ ಅವರ ಹೆಸರು ಗೊತ್ತಿರುವುದು ‘ಡೇರ್‌ಡೆವಿಲ್ ಮುಸ್ತಫಾ’ ಚಿತ್ರದಿಂದ. 2023ರಲ್ಲಿ ತೆರೆಕಂಡ ಆ ಚಿತ್ರ ಅವರ ಕಥೆಯನ್ನೇ ಆಧರಿಸಿದ್ದು. ಆದರೆ ಕಥೆ ಬರೆದ ಮನುಷ್ಯ ಹೇಗಿದ್ದರು, ಏನು ಮಾಡಿಕೊಂಡಿದ್ದರು ಎಂಬುದು ಈ ಮಕ್ಕಳಿಗೆ ಗೊತ್ತಿಲ್ಲ. ಅವರಿಗಾಗಿ, ಮತ್ತು ಊರು ಬಿಟ್ಟು ಬಂದ ನಮಗಾಗಿಯೂ, ಈ ನಾಲ್ಕು ಮಾತು.

1938ರ ಸೆಪ್ಟೆಂಬರ್ 8ರಂದು ಜನಿಸಿದ ತೇಜಸ್ವಿ ರಾಷ್ಟ್ರಕವಿ ಕುವೆಂಪು ಮತ್ತು ಹೇಮಾವತಿ ದಂಪತಿಯ ಹಿರಿಯ ಮಗ. ಮೂಲ ಊರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ. ಬೆಳೆದದ್ದು ಮೈಸೂರಿನ ಒಂಟಿಕೊಪ್ಪಲಿನ ‘ಉದಯರವಿ’ ಮನೆಯಲ್ಲಿ. ತಂದೆ ಮಹಾರಾಜ ಕಾಲೇಜಿನ ಪ್ರಾಧ್ಯಾಪಕರು, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳು, ಜ್ಞಾನಪೀಠ ಪಡೆದ ಮೊದಲ ಕನ್ನಡಿಗರು. ಅಂಥ ಮನೆಯ ಮಗ, ಅದೇ ಊರಿನಲ್ಲಿ ಕನ್ನಡ ಎಂ.ಎ. ಮಾಡಿಕೊಂಡವರು, ಅಲ್ಲಿಯೇ ಒಂದು ಅಧ್ಯಾಪಕರ ಕೆಲಸ ಹಿಡಿದಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ತೇಜಸ್ವಿ ಹಾಗೆ ಮಾಡಲಿಲ್ಲ. ಪದವಿ ಪತ್ರ ಪಕ್ಕಕ್ಕಿಟ್ಟು ಕಾಫಿ ಬೆಳೆಯಲು ಕಾಡಿನಂಚಿಗೆ ಹೋದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾದ ವಿಷಯವಿದೆ. ನಾವೆಲ್ಲ ಹಾಸನ, ಶಿವಮೊಗ್ಗ, ಧಾರವಾಡ, ಉಡುಪಿ ಎಂದು ಒಂದೊಂದು ಕಡೆಯಿಂದ ಓದು ಮುಗಿಸಿ ಕೆಲಸಕ್ಕಾಗಿ ಪಟ್ಟಣಕ್ಕೆ ಬಂದವರು. ನಮ್ಮ ದಾರಿ ಹಳ್ಳಿಯಿಂದ ನಗರಕ್ಕೆ. ಅವರ ದಾರಿ ನಗರದಿಂದ ಹಳ್ಳಿಗೆ. ಇದನ್ನು ದೊಡ್ಡ ತ್ಯಾಗ ಎಂದು ಕರೆದರೆ ತೇಜಸ್ವಿಯೇ ನಕ್ಕುಬಿಡುತ್ತಿದ್ದರೇನೋ. ಅವರಿಗೆ ಅಲ್ಲಿ ಇರುವುದು ಇಷ್ಟವಾಗಿತ್ತು, ಹೋದರು. ಆದರೆ ಇಷ್ಟ ಎಂಬುದು ಸುಲಭ ಎಂಬುದಕ್ಕೆ ಸಮನಲ್ಲ.

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆಯ ಭೂತನಕಾಡಿನಲ್ಲಿ ಮೊದಲ ತೋಟ ಮಾಡಿದರು. ಅದಕ್ಕೆ ‘ಚಿತ್ರಕೂಟ’ ಎಂದು ಹೆಸರು. 1966ರಲ್ಲಿ ರಾಜೇಶ್ವರಿಯವರನ್ನು ಮದುವೆಯಾದರು. ಪುರೋಹಿತರಿಲ್ಲದ, ವರದಕ್ಷಿಣೆಯಿಲ್ಲದ, ಆಡಂಬರವಿಲ್ಲದ ಆ ಮದುವೆಗಾಗಿಯೇ ಕುವೆಂಪು ‘ಮಂತ್ರಮಾಂಗಲ್ಯ’ ವಿಧಿಯನ್ನು ರೂಪಿಸಿಕೊಟ್ಟರು. ಇಂದು ನಮ್ಮ ಸಂಘಗಳ ಸದಸ್ಯರ ಮನೆಗಳಲ್ಲೂ ಅಲ್ಲೊಂದು ಇಲ್ಲೊಂದು ಮಂತ್ರಮಾಂಗಲ್ಯ ಮದುವೆ ನಡೆಯುವುದುಂಟು. ಅದರ ಮೊದಲ ವಧೂವರರು ಇವರೇ ಎಂಬುದು ಹಲವರಿಗೆ ತಿಳಿದಿರಲಿಕ್ಕಿಲ್ಲ. ಮುಂದೆ ಮೂಡಿಗೆರೆ ಪೇಟೆಗೆ ಹತ್ತಿರವಾಗಿ ‘ನಿರುತ್ತರ’ ಎಂಬ ತೋಟ ಮಾಡಿಕೊಂಡು ಕೊನೆಯವರೆಗೂ ಅಲ್ಲಿಯೇ ಇದ್ದರು. ಉತ್ತರವಿಲ್ಲ ಎಂಬ ಅರ್ಥದ ಹೆಸರನ್ನು ಮನೆಗೆ ಇಟ್ಟುಕೊಂಡವರು ಕನ್ನಡದಲ್ಲಿ ಬೇರೆ ಯಾರೂ ಇರಲಾರರು.

ಕಾಫಿ ತೋಟ ಎಂದರೆ ಪಟ್ಟಣದವರಿಗೆ ಹೋಂಸ್ಟೇ ನೆನಪಾಗುತ್ತದೆ. ತೋಟ ನಡೆಸುವವನಿಗೆ ಅದು ವರ್ಷವಿಡೀ ಮುಗಿಯದ ಕೆಲಸ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಸಮಯಕ್ಕೆ ಬೀಳಬೇಕು, ಬೀಳದಿದ್ದರೆ ಪಂಪು ಹಚ್ಚಿ ತುಂತುರು ನೀರು ಹಾಯಿಸಬೇಕು. ಮರಗಸಿ ಮಾಡಿಸಬೇಕು, ಕಳೆ ತೆಗೆಸಬೇಕು, ಕಾಂಡಕೊರಕ ಬಂದ ಗಿಡ ಕೀಳಿಸಬೇಕು. ಮುಂಗಾರಿನಲ್ಲಿ ಕೊಳೆರೋಗ, ಹಣ್ಣಾದಾಗ ಆಳುಗಳ ಅಭಾವ, ಕೊಯ್ದ ಮೇಲೆ ಒಣಗಿಸುವಾಗ ಅಕಾಲದ ಮೋಡ. ಇದೆಲ್ಲದರ ನಡುವೆ ಪಂಪ್‌ಸೆಟ್ ಕೆಡುತ್ತದೆ, ಸ್ಕೂಟರ್ ನಿಲ್ಲುತ್ತದೆ. ತೇಜಸ್ವಿ ಇಂಥ ಯಂತ್ರಗಳನ್ನು ತಾವೇ ಬಿಚ್ಚಿ ಜೋಡಿಸುವ ಜಾತಿಯವರು. ರಿಪೇರಿ ಬರುವವರೆಗೆ ಕಾಯುವುದು ಅವರ ಸ್ವಭಾವವಲ್ಲ. ಯಾವುದೇ ವಸ್ತು ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ನೋಡದೆ ಅವರಿಗೆ ಸಮಾಧಾನವಿಲ್ಲ. ರೇಡಿಯೋ, ಕ್ಯಾಮೆರಾ, ಕಂಪ್ಯೂಟರ್, ಹಾರುವ ಓತಿ, ಎಲ್ಲಕ್ಕೂ ಒಂದೇ ಕುತೂಹಲ. ಮೈಸೂರಿನ ದಿನಗಳಲ್ಲಿ ಸಿತಾರ್ ಕಲಿತಿದ್ದರು. ಚಿತ್ರ ಬರೆಯುತ್ತಿದ್ದರು.

ಇನ್ನು ಮೀನಿನ ವಿಚಾರಕ್ಕೆ ಬರೋಣ. ಮಲೆನಾಡಿನಲ್ಲಿ ಮೀನು ಹಿಡಿಯುವುದು ಹೊಸದಲ್ಲ. ಮುಂಗಾರಿನ ಮೊದಲ ಜಡಿಮಳೆಗೆ ಹಳ್ಳ ಕೆಂಪಾಗಿ ತುಂಬಿದಾಗ ಮೊಟ್ಟೆ ಇಡಲು ಮೀನುಗಳು ಪ್ರವಾಹದ ಎದುರು ಗದ್ದೆಗಳ ಕಡೆ ಹತ್ತಿ ಬರುತ್ತವೆ. ಇದನ್ನೇ ಹತ್ತುಮೀನು ಎನ್ನುವುದು. ಆ ರಾತ್ರಿ ಊರಿಗೆ ಊರೇ ಲಾಟೀನು, ಕತ್ತಿ ಹಿಡಿದು ಗದ್ದೆಯಲ್ಲಿರುತ್ತದೆ. ಹರಿಯುವ ನೀರಿಗೆ ಕೂಣಿ ಒಡ್ಡುವವರು ಕೆಲವರು, ಬಲೆ ಬೀಸುವವರು ಕೆಲವರು. ಶಿವಮೊಗ್ಗ, ಚಿಕ್ಕಮಗಳೂರು ಕಡೆಯಿಂದ ಬಂದ ನಮ್ಮ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತೇಜಸ್ವಿಯವರದು ಬೇರೆ ಪಂಥ. ಅವರದು ಗಾಳ. ಗಾಳದ ಕೋಲು, ರೀಲು, ನೈಲಾನ್ ದಾರ, ಬಗೆಬಗೆಯ ಕೊಕ್ಕೆಗಳು. ಮೂಡಿಗೆರೆಯ ಸುತ್ತ ನೀರಿಗೆ ಬರವಿಲ್ಲ. ಹೇಮಾವತಿ ಹುಟ್ಟುವುದೇ ಆ ತಾಲ್ಲೂಕಿನ ಜಾವಳಿಯ ಬಳಿ. ಕುದುರೆಮುಖದ ಗಂಗಾಮೂಲದಲ್ಲಿ ಹುಟ್ಟಿದ ಭದ್ರಾ ಕಳಸ, ಬಾಳೆಹೊನ್ನೂರುಗಳ ಮೇಲೆ ಹರಿದು ಹೋಗುತ್ತದೆ. ಈ ಹೊಳೆಗಳ ಗುಂಡಿಗಳ ಬಳಿ ಕುಳಿತು ಗಂಟೆಗಟ್ಟಲೆ ನೀರು ನೋಡುವುದು ತೇಜಸ್ವಿಯವರಿಗೆ ಊಟಕ್ಕಿಂತ ಹೆಚ್ಚಿನ ಆಸೆ. ಗಾಳದವನ ಕಷ್ಟ ಗೊತ್ತಿಲ್ಲದವರು ಅದನ್ನು ಸೋಮಾರಿಗಳ ಕೆಲಸ ಎಂದುಕೊಳ್ಳುತ್ತಾರೆ. ವಾಸ್ತವ ಹಾಗಿಲ್ಲ. ನೀರು ಎಷ್ಟು ತಿಳಿಯಾಗಿದೆ, ಸೆಳೆತ ಎಲ್ಲಿ ತಿರುಗುತ್ತದೆ, ಬಂಡೆಯ ಹಿಂದೆ ಮೀನು ಏಕೆ ನಿಲ್ಲುತ್ತದೆ, ಇವತ್ತು ಎರೆಹುಳಕ್ಕೆ ಬರುತ್ತದೋ ಹೊಳೆಯುವ ತಗಡಿನ ಚಮಚಕ್ಕೆ ಬರುತ್ತದೋ, ಇದನ್ನೆಲ್ಲ ಲೆಕ್ಕ ಹಾಕಬೇಕು. ಮಹಶೀರ್‌ನಂಥ ಬಲಶಾಲಿ ಮೀನು ಕಚ್ಚಿದರೆ ಎಳೆಯುವ ಹಾಗಿಲ್ಲ, ದಾರ ಬಿಡಬೇಕು, ಮತ್ತೆ ಸುತ್ತಬೇಕು, ಮತ್ತೆ ಬಿಡಬೇಕು. ಆತುರಪಟ್ಟರೆ ದಾರವೂ ಹೋಯಿತು, ಮೀನೂ ಹೋಯಿತು. ದಿನವಿಡೀ ಕುಳಿತು ಬರಿಗೈಯಲ್ಲಿ ಮನೆಗೆ ಬರುವುದು ಈ ಹವ್ಯಾಸದಲ್ಲಿ ಮಾಮೂಲು.

ಪ್ರಸಂಗವಶಾತ್ ಒಂದು ಮಾತು. ಭಾರತದ ಗಾಳದ ಶಿಕಾರಿಯ ಬಗ್ಗೆ ಬಂದ ಹಳೆಯ ಪ್ರಸಿದ್ಧ ಇಂಗ್ಲಿಷ್ ಪುಸ್ತಕ ‘ದಿ ರಾಡ್ ಇನ್ ಇಂಡಿಯಾ’ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ, 1873ರಲ್ಲಿ. ಬರೆದ ಎಚ್.ಎಸ್. ಥಾಮಸ್ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು, ಇದೇ ಮದ್ರಾಸ್ ಸರಕಾರದ ಅಧಿಕಾರಿ. ಮಹಶೀರ್ ಮೀನಿನ ಹುಚ್ಚು ಹಿಡಿದವರಿಗೆ ನಮ್ಮ ಪಶ್ಚಿಮ ಘಟ್ಟದ ಹೊಳೆಗಳು ಅಂದಿನಿಂದಲೇ ಗೊತ್ತಿದ್ದವು.

ತೇಜಸ್ವಿಗೆ ಮೊದಲು ಕೋವಿಯ ಶಿಕಾರಿಯೂ ಇತ್ತು. ಯೌವನದಲ್ಲಿ ಬೇಟೆಯಾಡಿದವರೇ. ಕ್ರಮೇಣ ಕೋವಿ ಕೆಳಗಿಟ್ಟರು, ಕ್ಯಾಮೆರಾ ಕೈಗೆತ್ತಿಕೊಂಡರು. ಹಕ್ಕಿಗಳ ಬೆನ್ನು ಹತ್ತಿದರು. ಗೂಡಿನ ಮುಂದೆ ಮರೆ ಕಟ್ಟಿ ಒಳಗೆ ದಿನಗಟ್ಟಲೆ ಕುಳಿತು ತೆಗೆದ ಫೋಟೋಗಳು ‘ಮಿಂಚುಳ್ಳಿ’, ‘ಹೆಜ್ಜೆ ಮೂಡದ ಹಾದಿ’ ಪುಸ್ತಕಗಳಾದವು. ಗಾಳದವನಿಗೆ ಇರುವ ತಾಳ್ಮೆಯೇ ಹಕ್ಕಿಯ ಫೋಟೋದವನಿಗೂ ಬೇಕು. ಮಿಂಚುಳ್ಳಿ ಎಂಬ ಹೆಸರನ್ನು ಅವರು ಏಕೆ ಆರಿಸಿಕೊಂಡರೋ, ಅದೂ ಮೀನು ಹಿಡಿಯುವ ಹಕ್ಕಿಯೇ. ನಮ್ಮ ಪಳ್ಳಿಕರಣೈ ಜೌಗು ಪ್ರದೇಶದ ತಂತಿಗಳ ಮೇಲೂ ಅದು ಕುಳಿತಿರುತ್ತದೆ, ಓಎಂಆರ್‌ನಲ್ಲಿ ಹೋಗುವಾಗ ಮಕ್ಕಳಿಗೆ ತೋರಿಸಬಹುದು.

ಹೊಳೆ ದಂಡೆಯಲ್ಲಿ ಕುಳಿತ ಈ ಗಂಟೆಗಳು ವ್ಯರ್ಥವಾಗಲಿಲ್ಲ. ‘ಪರಿಸರದ ಕಥೆ’ಯಲ್ಲಿ, ‘ಅಲೆಮಾರಿಯ ಅಂಡಮಾನ್’ನಲ್ಲಿ ನೀರು, ಮೀನು, ಗಾಳ ಮತ್ತೆ ಮತ್ತೆ ಬರುತ್ತವೆ. ಓದುವವನಿಗೆ ನಗು ಬರುತ್ತಿರುತ್ತದೆ, ನಗುತ್ತಲೇ ವಿಜ್ಞಾನ ತಲೆಗೆ ಹೋಗಿರುತ್ತದೆ. ಅವರ ಜತೆ ಇರುವವರೂ ದೊಡ್ಡ ಮನುಷ್ಯರಲ್ಲ. ಮಾರ, ಪ್ಯಾರ, ಎಂಗ್ಟ, ಜತೆಗೆ ಕಿವಿ ಎಂಬ ನಾಯಿ. 1980ರಲ್ಲಿ ಬಂದ ‘ಕರ್ವಾಲೊ’ ಕಾದಂಬರಿಯಲ್ಲಿ ಜೇನು ಕೀಳುವ ಮಂದಣ್ಣ ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದ ಹುಡುಗ. ವಿಜ್ಞಾನಿ ಕರ್ವಾಲೊ ಅವರ ಕಣ್ಣಿಗೆ ಅವನು ಸಹಜ ಪ್ರಕೃತಿ ವಿಜ್ಞಾನಿ. ಕಾದಂಬರಿಯ ನಿಜವಾದ ತಿರುವು ಅದೇ ಎಂದು ಈ ಲೇಖಕನ ಅಭಿಪ್ರಾಯ, ಹಾರುವ ಓತಿ ಆಮೇಲೆ ಬರುತ್ತದೆ.

ತೇಜಸ್ವಿಯವರ ದಯೆ ಎಲ್ಲಿತ್ತು ಎಂದರೆ ಇಲ್ಲಿ. ಮಾತಿನಲ್ಲಿ ಅವರು ಒರಟು. ಹಾರ, ತುರಾಯಿ, ಶಾಲುಗಳೆಂದರೆ ದೂರ. ವೇದಿಕೆ ಹತ್ತುವ ಕಾರ್ಯಕ್ರಮಗಳನ್ನು ಆದಷ್ಟು ತಪ್ಪಿಸಿಕೊಂಡರು. ನಮ್ಮಂಥ ಸಂಘಗಳು ಕರೆದಿದ್ದರೆ ಬರುತ್ತಿದ್ದರೋ ಇಲ್ಲವೋ. ಆದರೆ ಸಣ್ಣ ಮನುಷ್ಯನ ಸಂಕಟ ಅವರ ಕಣ್ಣಿಗೆ ಮೊದಲು ಬೀಳುತ್ತಿತ್ತು. ‘ತಬರನ ಕಥೆ’ಯ ತಬರ ಪುರಸಭೆಯಲ್ಲಿ ದುಡಿದು ನಿವೃತ್ತನಾದ ಜವಾನ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಲು ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿದೆ. ಕಾಗದ ಮಾತ್ರ ಚಲಿಸುವುದಿಲ್ಲ. ಇದನ್ನು ಗಿರೀಶ್ ಕಾಸರವಳ್ಳಿ ಚಿತ್ರ ಮಾಡಿದರು, 1986ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದಕ್ಕೆ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಬಂತು. ತಬರನ ಪಾತ್ರ ಮಾಡಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದವರು ತಮಿಳಿನ ಚಾರುಹಾಸನ್. ಹೀಗೆ ತೇಜಸ್ವಿಯ ತಬರನಿಗೆ ಮುಖ ಕೊಟ್ಟದ್ದು ತಮಿಳುನಾಡು. ಚೆನ್ನೈಯ ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಸಂಗತಿ ಇದು.

ಅವರ ಕೃತಿಗಳ ಪಟ್ಟಿ ಮಾಡಿದರೆ ಈ ಪುಟ ಸಾಲದು. 1973ರ ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನದ ಮುನ್ನುಡಿಯಲ್ಲಿ ಆಗ ಮೆರೆಯುತ್ತಿದ್ದ ನವ್ಯ ಮಾರ್ಗಕ್ಕೆ ಬೆನ್ನು ತಿರುಗಿಸಿ, ಲೋಹಿಯಾ, ಕಾರಂತ ಮತ್ತು ತಂದೆ ಕುವೆಂಪು ಅವರಿಂದ ತಾವು ಪಡೆದದ್ದನ್ನು ಹೇಳಿಕೊಂಡರು. ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಂದೆಗೆ ಅದೇ ಪ್ರಶಸ್ತಿ 1955ರಲ್ಲಿ ಬಂದಿತ್ತು. ‘ಜುಗಾರಿ ಕ್ರಾಸ್’, ‘ಕಿರಗೂರಿನ ಗಯ್ಯಾಳಿಗಳು’, ‘ಅಣ್ಣನ ನೆನಪು’, ಕೊನೆಯಲ್ಲಿ ‘ಮಾಯಾಲೋಕ’. ಕೆನೆತ್ ಆಂಡರ್ಸನ್ ಅವರ ಕಾಡಿನ ಕಥೆಗಳನ್ನು ಕನ್ನಡಕ್ಕೆ ತಂದರು. ಹೊಸ ಶತಮಾನ ಬರುವ ಹೊತ್ತಿಗೆ ‘ಮಿಲೆನಿಯಂ’ ಮಾಲೆಯಲ್ಲಿ 16 ಪುಸ್ತಕ. ಬೆಳಗ್ಗೆ ತೋಟ, ಮಧ್ಯಾಹ್ನ ಹಕ್ಕಿ, ಸಂಜೆ ಹೊಳೆ ಎಂದುಕೊಂಡರೆ ಇಷ್ಟನ್ನೆಲ್ಲ ಬರೆದದ್ದು ಯಾವಾಗ ಎಂಬ ಪ್ರಶ್ನೆ ಸಹಜ. ದುಡಿಯುವವನಿಗೆ ಹೊತ್ತು ಸಿಗುತ್ತದೆ ಎಂದಷ್ಟೇ ಹೇಳಬಹುದು.

ಬರೆದರೆ ಸಾಲದು, ಕಡಿಮೆ ಬೆಲೆಗೆ ಓದುಗನ ಕೈ ಸೇರಬೇಕು ಎಂದು ಸ್ನೇಹಿತರೊಂದಿಗೆ ‘ಪುಸ್ತಕ ಪ್ರಕಾಶನ’ ನಡೆಸಿದರು. ಕಂಪ್ಯೂಟರ್ ಬಂದ ಮೇಲೆ ಅಕ್ಷರ ಜೋಡಣೆಯನ್ನೂ ಕಲಿತರು. ಈ ಭಾಗ ಶೋಳಿಂಗನಲ್ಲೂರಿನ ಓದುಗರಿಗೆ ಹತ್ತಿರದ್ದು, ಏಕೆಂದರೆ ಇಲ್ಲಿನ ಕನ್ನಡಿಗರಲ್ಲಿ ಅನೇಕರು ಸಾಫ್ಟ್‌ವೇರ್‌ನವರೇ. 2000ದ ಆಸುಪಾಸಿನಲ್ಲಿ ಕನ್ನಡ ಟೈಪ್ ಮಾಡುವವರ ಪಾಡು ನಿಮಗೆ ನೆನಪಿರಬಹುದು. ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಸಂಕೇತ. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಬರೀ ಗೀರು, ಚೌಕ. ಇದನ್ನು ಸರಿಪಡಿಸದಿದ್ದರೆ ಕನ್ನಡ ಮುಂದಿನ ಕಾಲಕ್ಕೆ ದಾಟುವುದಿಲ್ಲ ಎಂದು ಮೂಡಿಗೆರೆಯ ತೋಟದಲ್ಲಿ ಕುಳಿತ ಕಾಫಿ ಬೆಳೆಗಾರ ಗಟ್ಟಿಯಾಗಿ ಹೇಳಿದರು. ಹೇಳಿ ಸುಮ್ಮನಾಗಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದೊಂದಿಗೆ ಸೇರಿ ‘ಕುವೆಂಪು ಕನ್ನಡ ತಂತ್ರಾಂಶ’ದ ಕೆಲಸಕ್ಕೆ ಇಳಿದರು. ಇಂದು ಫೋನಿನಲ್ಲಿ ಸಲೀಸಾಗಿ ಕನ್ನಡ ಸಂದೇಶ ಕಳಿಸುವ ನಾವು, ಆ ದಿನಗಳಲ್ಲಿ ಇದಕ್ಕಾಗಿ ತಲೆ ಕೆಡಿಸಿಕೊಂಡವರಲ್ಲಿ ಒಬ್ಬ ಕಾದಂಬರಿಕಾರರೂ ಇದ್ದರು ಎಂಬುದನ್ನು ಮರೆಯಬಾರದು.

ಹೊಳೆಗಳ ಕಡೆಯಿಂದ ಬಂದ ನೋವು ಬೇರೆ. ಗಾಳ ಹಾಕುವವನಿಗೆ ಹೊಳೆ ಕೆಡುವುದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಮಲೆನಾಡಿನ ಗುಂಡಿಗಳಿಗೆ ಸಿಡಿಮದ್ದು ಎಸೆಯುವುದು, ವಿಷ ಹಾಕುವುದು ಹಿಂದಿನಿಂದಲೂ ಇದ್ದ ಪಿಡುಗು. 1897ರ ಮೀನುಗಾರಿಕೆ ಕಾಯಿದೆಯೇ ಎರಡನ್ನೂ ನಿಷೇಧಿಸಿತ್ತು, ಆದರೆ ಕಾಯಿದೆ ಕಾಡಿನೊಳಗೆ ನಡೆದು ಬರುವುದಿಲ್ಲ. ಒಂದು ತೋಟೆ ಸಿಡಿದರೆ ದೊಡ್ಡ ಮೀನಿನ ಜತೆ ಮರಿ, ಮೊಟ್ಟೆ, ಹುಳು, ಏಡಿ ಎಲ್ಲವೂ ಸಾಯುತ್ತವೆ. ಹಿಡಿಯುವವನಿಗೆ ಸಿಗುವುದು ತೇಲಿ ಬಂದಷ್ಟು, ಉಳಿದದ್ದು ತಳಕ್ಕೆ. ಮೂಡಿಗೆರೆಯ ಘಟ್ಟದ ಕೆಳಗೆ ಶಿಶಿಲದ ಕಪಿಲಾ ನದಿಯಲ್ಲಿ ದೇವಸ್ಥಾನದವರು ಸಾಕಿ ಸಲಹಿದ ಮಹಶೀರ್ ಮೀನುಗಳಿಗೆ 1996ರಲ್ಲಿ ಕಿಡಿಗೇಡಿಗಳು ವಿಷ ಹಾಕಿದರು. ರಾಶಿ ರಾಶಿ ಮೀನು ಸತ್ತವು. ಊರವರು ಅವಕ್ಕೆ ಸ್ಮಾರಕವನ್ನೇ ಕಟ್ಟಿದ್ದಾರೆ. ಧರ್ಮಸ್ಥಳಕ್ಕೆ ಹೋದ ನಮ್ಮ ಸದಸ್ಯರು ಬಿಡುವಿದ್ದರೆ ನೋಡಿ ಬರಬಹುದು. ಕೋವಿ ಬಿಟ್ಟವರು, ಗಾಳದಿಂದ ಒಂದೊಂದೇ ಮೀನಿಗಾಗಿ ಕಾಯುವವರು, ಇಂಥ ಹೊಳೆಯ ದಂಡೆಯಲ್ಲಿ ಕುಳಿತು ಪರಿಸರದ ಬಗ್ಗೆ ಬರೆದರು ಎಂಬುದನ್ನು ನೆನಪಿಟ್ಟುಕೊಂಡು ಅವರ ಪುಸ್ತಕ ಓದಬೇಕು. ಘೋಷಣೆಯ ಪರಿಸರ ಪ್ರೇಮ ಅದಲ್ಲ.

ಮೀನು ಹಿಡಿದು ತಿನ್ನುವವನಿಗೆ ಮೀನಿನ ಮೇಲೆ ಎಂಥ ಕರುಣೆ ಎಂದು ಕೇಳುವವರೂ ಇದ್ದಾರೆ. ನಮ್ಮಲ್ಲಿ ಸಸ್ಯಾಹಾರಿ ಸದಸ್ಯರು ಬಹಳ, ಅವರ ಪ್ರಶ್ನೆ ನ್ಯಾಯವಾದದ್ದೇ. ತೇಜಸ್ವಿ ತಮ್ಮನ್ನು ಸಂತನೆಂದು ತೋರಿಸಿಕೊಳ್ಳಲಿಲ್ಲ. ಬೇಟೆಯ ಆಸೆ, ಹಿಡಿದಾಗಿನ ಸಂತೋಷ, ತಪ್ಪಿಸಿಕೊಂಡಾಗಿನ ನಿರಾಶೆ ಯಾವುದನ್ನೂ ಬರಹದಲ್ಲಿ ಮುಚ್ಚಿಡಲಿಲ್ಲ. ಮನುಷ್ಯ ಕಾಡಿನ ಹೊರಗೆ ನಿಂತು ಕಾಡನ್ನು ರಕ್ಷಿಸುವವನಲ್ಲ, ಅದರ ಒಳಗೇ ಇರುವ ಒಂದು ಪ್ರಾಣಿ ಎಂಬ ಭಾವನೆ ಅವರ ಎಲ್ಲ ಪುಸ್ತಕಗಳಲ್ಲಿದೆ. ಒಪ್ಪುವುದು ಬಿಡುವುದು ಓದುಗರಿಗೆ ಬಿಟ್ಟದ್ದು.

ಮನೆಯೊಳಗಿನ ತೇಜಸ್ವಿ ಹೇಗಿದ್ದರು ಎಂದು ತಿಳಿಯಬೇಕಾದರೆ ರಾಜೇಶ್ವರಿಯವರ ‘ನನ್ನ ತೇಜಸ್ವಿ’ ಓದಬೇಕು. ಪೇಟೆಯಲ್ಲಿ ಬೆಳೆದು ಓದಿದ ಹೆಣ್ಣುಮಗಳು ಅನುಕೂಲಗಳಿಲ್ಲದ ತೋಟಕ್ಕೆ ಬಂದು ಸಂಸಾರ ಹೂಡಿದ್ದು, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದ್ದು, ಹೊತ್ತಿಲ್ಲದ ಹೊತ್ತಿನಲ್ಲಿ ಬರುವ ಅತಿಥಿಗಳಿಗೆ ಬಡಿಸಿದ್ದು, ಎಲ್ಲ ಅಲ್ಲಿದೆ. ತೇಜಸ್ವಿಯ ದುಡಿಮೆಯನ್ನು ಹೊಗಳುವಾಗ ಈ ದುಡಿಮೆಯನ್ನೂ ಎಣಿಸಬೇಕು. ಗಂಡ ಗಾಳ ಹಿಡಿದು ಹೊಳೆಗೆ ಹೋದಾಗ ತೋಟದ ಆಳುಗಳ ಲೆಕ್ಕ ನೋಡಲು ಮನೆಯಲ್ಲಿ ಒಬ್ಬರು ಇರಬೇಕಲ್ಲ. ರಾಜೇಶ್ವರಿಯವರೂ 2021ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಲ್ಲಿ ತೇಜಸ್ವಿ ಹೆಸರಿನ ಪ್ರತಿಷ್ಠಾನವಿದೆ. ಮೂಡಿಗೆರೆಯಿಂದ ಬಣಕಲ್ ಮಾರ್ಗವಾಗಿ ಸುಮಾರು 20 ಕಿ.ಮೀ., ಚಾರ್ಮಾಡಿ ಘಾಟಿ ಇಳಿಯುವ ಮುಂಚೆ. ಚೆನ್ನೈಯಿಂದ ಹೋಗುವವರು ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಹಾಸನ, ಬೇಲೂರು ದಾರಿಯಾಗಿ ಮೂಡಿಗೆರೆ ತಲುಪಬಹುದು. ಜೂನ್, ಜುಲೈನಲ್ಲಿ ಮಳೆ ಜೋರು, ಘಾಟಿಯಲ್ಲಿ ರಸ್ತೆ ಕೆಲವೊಮ್ಮೆ ಮುಚ್ಚಿರುತ್ತದೆ, ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ಮಕ್ಕಳ ಕೈಗೆ ಮೊದಲ ಪುಸ್ತಕವಾಗಿ ಯಾವುದನ್ನು ಕೊಡಲಿ ಎಂದು ಕೇಳುವ ಪೋಷಕರಿಗೆ ‘ಪರಿಸರದ ಕಥೆ’ ಸಾಕು. ಕನ್ನಡ ಓದಲು ತಡವರಿಸುವ ಮಕ್ಕಳಿಗೆ ದಿನಕ್ಕೆ ಒಂದೊಂದು ಅಧ್ಯಾಯ ದೊಡ್ಡವರೇ ಓದಿ ಹೇಳಲಿ. ಎಂಗ್ಟ, ಪ್ಯಾರ ಬರುವ ಹೊತ್ತಿಗೆ ಪುಸ್ತಕವನ್ನು ಅವರೇ ಕಿತ್ತುಕೊಳ್ಳುತ್ತಾರೆ.